ಮಿತ್ರಕವಿಯೂ ಸತ್ಯವಚನವೂ

ಒಂದು ಊರಿನಲ್ಲಿ ಪದ್ಯ ಬರೆಯುವವರು ನಾಲ್ಕಾರು ಮಂದಿ ಇದ್ದರೆ, ತಿಂಗಳಿಗೊಮ್ಮೆಯಾದರೂ ಅವರು ಯಾರಾದರೊಬ್ಬರ ಮನೆಯಲ್ಲಿ ಕಲೆಯುವುದುಂಟು. ಅವರಲ್ಲಿ ಒಬ್ಬರು ಉಪಾಧ್ಯಾಯರು, ಒಬ್ಬರು ವಕೀಲರು, ಒಬ್ಬರು ಅಂಗಡಿಯ ಲೆಕ್ಕ ಬರೆಯುವವರು, ಒಬ್ಬರು ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡು ಬರೆಯುವ ಗೃಹಿಣಿ. ಯಾರಿಗೂ ಕಾವ್ಯವು ಜೀವನೋಪಾಯವಲ್ಲ. ಯಾರ ಹೆಸರೂ ಸಾಹಿತ್ಯಚರಿತ್ರೆಯಲ್ಲಿ ಬರುವ ಸಂಭವವಿಲ್ಲ. ಅದನ್ನು ಅವರೂ ಬಲ್ಲರು. ಕಾಫಿಯಾದ ಮೇಲೆ ಒಬ್ಬರು ಮಡಿಸಿ ತಂದಿದ್ದ ಕಾಗದವನ್ನು ತೆಗೆದು, 'ಏನೋ ಗೀಚಿದ್ದೇನೆ, ಕೇಳಿ' ಎಂದು ಸಂಕೋಚದಿಂದಲೇ ಆರಂಭಿಸುವರು. ಓದು ಮುಗಿಯುವುದು. ಒಂದು ಕ್ಷಣ ಮೌನ. ಆಮೇಲೆ ಯಾರೋ 'ಬಹಳ ಚೆನ್ನಾಗಿದೆ' ಎನ್ನುವರು. ಉಳಿದವರು ತಲೆದೂಗುವರು. ಮತ್ತೊಬ್ಬರು ತಮ್ಮ ಕಾಗದವನ್ನು ತೆಗೆಯುವರು.

ಆ ಒಂದು ಕ್ಷಣದ ಮೌನದಲ್ಲಿ ಕೇಳಿದವರ ಮನಸ್ಸಿನೊಳಗೆ ಏನು ನಡೆಯಿತು? ಪದ್ಯವು ನಿಜವಾಗಿಯೂ ಚೆನ್ನಾಗಿದ್ದಿತೇ? ಚೆನ್ನಾಗಿರದಿದ್ದರೂ 'ಚೆನ್ನಾಗಿದೆ' ಎಂದವರು ಸುಳ್ಳಾಡಿದಂತಾಯಿತೇ, ಇಲ್ಲವೇ ಸ್ನೇಹಧರ್ಮವನ್ನು ನಡೆಯಿಸಿದಂತಾಯಿತೇ? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಮನುಷ್ಯನು ತನ್ನ ಅಂತರಂಗವನ್ನು ಬಿಚ್ಚಿ ಇನ್ನೊಬ್ಬನ ಕೈಯಲ್ಲಿಡುವ ಸಂದರ್ಭಗಳು ಬಹಳವಿಲ್ಲ. ಪದ್ಯವನ್ನು ಓದಿ ತೋರಿಸುವುದು ಅವುಗಳಲ್ಲೊಂದು. ಅಪ್ರಿಯವಾದ ಸತ್ಯವನ್ನು ಆಡಬಾರದೆಂದು ಮನುಸ್ಮೃತಿಯು ಹೇಳಿರುವುದನ್ನು ಇಂಥ ಸಮಯದಲ್ಲಿ ಎಲ್ಲರೂ ಉದಾಹರಿಸುವರು. ಪ್ರಿಯವಾದ ಅಸತ್ಯವನ್ನೂ ಆಡಬಾರದೆಂದು ಅದೇ ಶ್ಲೋಕವು ಹೇಳಿರುವುದನ್ನು ಮಾತ್ರ ಮರೆಯುವರು. ಎರಡನ್ನೂ ಒಟ್ಟಿಗೆ ಪಾಲಿಸಹೊರಟವನಿಗೆ ಮಿತ್ರನ ಸಾಧಾರಣ ಪದ್ಯದ ಮುಂದೆ ಉಳಿಯುವುದು ಮೌನವೊಂದೇ. ಆ ಮೌನವಾದರೋ ಎಲ್ಲ ನಿಂದೆಗಿಂತಲೂ ಕಟುವಾದುದು.

ಹೊಗಳುವವರ ಪಕ್ಷವು ದುರ್ಬಲವಾದುದೆಂದು ತಿಳಿಯಬಾರದು. ಹವ್ಯಾಸಿಯ ಪದ್ಯವು ಮಾರಾಟದ ವಸ್ತುವಲ್ಲ; ಅದರಿಂದ ಯಾರಿಗೂ ಮೋಸವಿಲ್ಲ. ಮನೆಯಲ್ಲಿ ದೇವರ ಮುಂದೆ ಹಾಡುವ ಅಜ್ಜಿಯ ಶ್ರುತಿಯನ್ನು ಯಾರೂ ತಿದ್ದಹೋಗುವುದಿಲ್ಲ. ದಿನವೆಲ್ಲ ದುಡಿದು ಬಂದವನು ರಾತ್ರಿ ನಾಲ್ಕು ಸಾಲು ಬರೆದು ನೆಮ್ಮದಿ ಪಡೆದರೆ, ಆ ನೆಮ್ಮದಿಗೆ ಛಂದಸ್ಸಿನ ಅಳತೆಗೋಲನ್ನು ಹಿಡಿಯುವುದು ಯಾವ ನ್ಯಾಯ? ಶಾಸ್ತ್ರಕಾರರಲ್ಲಿಯೂ ಈ ಪಕ್ಷಕ್ಕೆ ಬೆಂಬಲವುಂಟು. 10ನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿ, ಮನೆ, ಬರೆಹದ ಸಾಮಗ್ರಿ ಎಲ್ಲವನ್ನೂ ವಿಚಾರಿಸಿದವನು. ತಾನೇ ಕವಿಯೆಂದು ಭಾವಿಸಿಕೊಂಡವನನ್ನು ಅವನ ಇಷ್ಟಕ್ಕನುಸಾರವಾಗಿಯೇ ಸಂತೋಷಪಡಿಸಬೇಕೆಂದು ಅವನು ಉಪದೇಶಿಸಿರುವನು; ಅಂಥವನೆದುರಿನಲ್ಲಿ ಒಳ್ಳೆಯ ಮಾತು ಅರಣ್ಯರೋದನವಾಗುವುದಂತೆ. ಲೋಕಾನುಭವವುಳ್ಳ ಮಾತು. ಆದರೆ ಇದರಲ್ಲಿ ಆ ಮನುಷ್ಯನ ವಿಷಯದಲ್ಲಿ ಗೌರವವೆಷ್ಟಿದೆಯೆಂಬುದನ್ನೂ ನೋಡಬೇಕು. 'ಇವನು ತಿದ್ದಿಕೊಳ್ಳತಕ್ಕವನಲ್ಲ' ಎಂದು ಕೈಬಿಟ್ಟವನನ್ನು ಮಾತ್ರ ಹೀಗೆ ಸಮಾಧಾನಪಡಿಸುವುದು. ಮಿತ್ರನ ಪದ್ಯಕ್ಕೆ ಕೇಳಿದೊಡನೆಯೇ ಹೊಗಳಿಕೆಯನ್ನು ಕೊಡುವವನು, ತನಗೆ ತಿಳಿಯದೆಯೇ, ಆ ಮಿತ್ರನನ್ನು ಈ ಗುಂಪಿಗೆ ಸೇರಿಸಿಬಿಟ್ಟಿರುವನು.

ಕನ್ನಡದ ಮೊದಲ ಲಕ್ಷಣಗ್ರಂಥವಾದ, 9ನೆಯ ಶತಮಾನದ 'ಕವಿರಾಜಮಾರ್ಗ'ದ ದೃಷ್ಟಿಯು ಬೇರೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದಂತೆ ಕವಿಯು ತನ್ನ ದೋಷವನ್ನು ತಾನು ಕಾಣಲಾರನೆಂದು ಅದು ಹೇಳುವುದು. ಇದಕ್ಕಿಂತ ಹಿತವಾದ ಹೋಲಿಕೆಯು ದೊರೆಯುವುದು ಕಷ್ಟ. ಕಾಡಿಗೆಯು ಕಣ್ಣಿಗೆ ಭೂಷಣವೇ. ಅದು ಹರಡಿಕೊಂಡಿದ್ದರೂ ಹಚ್ಚಿಕೊಂಡವಳು ಅಪರಾಧಿಯಲ್ಲ. ಎದುರಿಗಿರುವವರು ಹೇಳಿದರೆ ಒರಸಿಕೊಂಡರಾಯಿತು. ಎದುರಿಗಿರುವವರು ನೋಡಿಯೂ ನೋಡದವರಂತಿದ್ದು, ಆಕೆಯು ಮದುವೆಯ ಮನೆಗೆ ಹಾಗೆಯೇ ಹೋಗಿಬಂದರೆ, ಅದು ಮರ್ಯಾದೆಯೇ? ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ಆಕೆಗೆ ಆ ಎಲ್ಲ ಮಿತ್ರರ ಮೇಲೂ ಕೋಪ ಬರುವುದಿಲ್ಲವೇ?

ಮದುವೆಯ ಮನೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಮದುವೆಗಳಲ್ಲಿ ಮುಯ್ಯಿ ಮಾಡುವುದು ಹಳೆಯ ರೂಢಿ. ಯಾರು ಎಷ್ಟು ಮಾಡಿದರೆಂಬುದನ್ನು ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯದಲ್ಲಿ ಅಷ್ಟನ್ನೇ ಹಿಂದಿರುಗಿಸುವರು. ಕವಿಮಿತ್ರರ ಹೊಗಳಿಕೆಯು ಬರುಬರುತ್ತಾ ಮುಯ್ಯಿಯಾಗಿಬಿಡುವುದು. ಕಳೆದ ತಿಂಗಳು ಅವರು ಇವರ ಪದ್ಯಕ್ಕೆ ತಲೆದೂಗಿದ್ದರು. ಈ ತಿಂಗಳು ಇವರು ಅವರ ಪದ್ಯಕ್ಕೆ ತಲೆದೂಗಬೇಕು. ಇದರಿಂದ ಕೆಟ್ಟ ಪದ್ಯಕ್ಕೆ ಬರತಕ್ಕ ಹಾನಿಯು ಅಷ್ಟು ದೊಡ್ಡದಲ್ಲ. ಅನ್ಯಾಯವಾಗುವುದು ಒಳ್ಳೆಯ ಪದ್ಯಕ್ಕೆ. ಆ ಗೃಹಿಣಿಯು ಹನ್ನೆರಡು ವರ್ಷ ಬರೆದು ಒಂದು ಸಂಜೆ ನಿಜವಾಗಿಯೂ ಜೀವವುಳ್ಳ ಒಂದು ಪದ್ಯವನ್ನು ತಂದು ಓದಿದಳೆಂದು ಭಾವಿಸೋಣ. ಆಕೆಗೆ ದೊರೆಯುವುದೂ ಅದೇ 'ಬಹಳ ಚೆನ್ನಾಗಿದೆ'. ಹಿಂದಿನ ನೂರು ಪದ್ಯಗಳಿಗೆ ದೊರೆತ ನಾಣ್ಯವೇ ಇದಕ್ಕೂ ದೊರೆತುದರಿಂದ, ಈ ಸಲ ತನ್ನಿಂದ ಏನಾಯಿತೆಂಬುದು ಆಕೆಗೆ ತಿಳಿಯುವುದೇ ಇಲ್ಲ. ಮುಂದಿನ ತಿಂಗಳು ಆಕೆ ಪುನಃ ಹಳೆಯ ರೀತಿಯಲ್ಲಿಯೇ ಬರೆದು ತರುವಳು. ಆ ಕೂಟದಲ್ಲಿ ಯಾರೂ ಆಕೆಗೆ ಕೇಡನ್ನು ಬಯಸಿದವರಲ್ಲ.

ಹಾಗೆಂದು ನಿಷ್ಠುರವಾಗಿ ನುಡಿಯುವವರ ಪಕ್ಷವನ್ನು ಹಿಡಿಯಲೂ ಮನಸ್ಸು ಬಾರದು. 'ಇದ್ದದ್ದನ್ನು ಇದ್ದ ಹಾಗೆ ಹೇಳುವವನು' ಎಂದು ಹೆಸರು ಪಡೆದವನೊಬ್ಬನು ಪ್ರತಿಯೊಂದು ಕೂಟದಲ್ಲಿಯೂ ಇರುವನು. ಅವನ ಸತ್ಯಪ್ರೀತಿಯಲ್ಲಿ ಸತ್ಯವೆಷ್ಟು, ತನ್ನ ಮೇಲಿನ ಪ್ರೀತಿಯೆಷ್ಟು ಎಂಬುದು ವಿಚಾರಣೀಯವು. ರಾಜಶೇಖರನೇ ಕಾವ್ಯವನ್ನು ಆಸ್ವಾದಿಸುವ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ತತ್ತ್ವದಲ್ಲಿಯೇ ಮನಸ್ಸಿಟ್ಟ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರದಲ್ಲಿ ಒಬ್ಬನಿದ್ದರೆ ಇದ್ದಾನೆಂದು ಅವನೇ ಒಪ್ಪಿರುವನು. ನಿಷ್ಠುರವಾದಿಯು ತನ್ನನ್ನು ನಾಲ್ಕನೆಯವನೆಂದು ಎಣಿಸಿಕೊಂಡಿರುವನು. ಕೇಳುವವರಿಗೆ ಅನೇಕವೇಳೆ ಮೊದಲನೆಯವನಂತೆಯೂ ಕೆಲವು ವೇಳೆ ಮೂರನೆಯವನಂತೆಯೂ ಕಾಣುವನು. ಇವೆಲ್ಲಕ್ಕಿಂತಲೂ ದೊಡ್ಡ ತೊಡಕೊಂದುಂಟು. ಮತ್ಸರವಿಲ್ಲದ, ಓದಿ ಬಲ್ಲ, ಹಿತವನ್ನೇ ಬಯಸುವ ಮಿತ್ರನು ಮನಃಪೂರ್ವಕವಾಗಿ ಕೊಟ್ಟ ತೀರ್ಪು ಕೂಡ ತಪ್ಪಾಗಿರಬಹುದು. ಇದಕ್ಕೆ ಅಮೆರಿಕ ದೇಶದ ಸಾಹಿತ್ಯಚರಿತ್ರೆಯಲ್ಲಿ ಒಂದು ನಿದರ್ಶನವಿರುವುದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡತಕ್ಕುದು.

1862ನೆಯ ಇಸವಿಯಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಎಂಬ ಮಾಸಪತ್ರಿಕೆಯಲ್ಲಿ ಥಾಮಸ್ ವೆಂಟ್‌ವರ್ತ್ ಹಿಗಿನ್‌ಸನ್ ಎಂಬ ಸಾಹಿತಿಯು ಹೊಸ ಲೇಖಕರಿಗೆ ಹಿತೋಪದೇಶವಾಗಿ ಒಂದು ಪ್ರಬಂಧವನ್ನು ಬರೆದನು. ಆತನು ಮೊದಲು ಪಾದ್ರಿಯಾಗಿದ್ದವನು. ಗುಲಾಮಗಿರಿಯ ನಿರ್ಮೂಲನಕ್ಕಾಗಿ ಹೋರಾಡಿದವನು. ಅದೇ ವರ್ಷದ ಕೊನೆಯಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ಬಿಡುಗಡೆ ಹೊಂದಿದ ಕರಿಯ ಜನರ ಸೈನ್ಯದಳವೊಂದಕ್ಕೆ ನಾಯಕನಾದವನು. ಪ್ರಬಂಧವು ಪ್ರಕಟವಾದ ಕೆಲವೇ ದಿನಗಳಲ್ಲಿ, ಏಪ್ರಿಲ್ ತಿಂಗಳಲ್ಲಿ, ಆತನಿಗೆ ಮೆಸಾಚುಸೆಟ್ಸ್ ಪ್ರಾಂತದ ಆಮ್‌ಹರ್ಸ್ಟ್ ಎಂಬ ಸಣ್ಣ ಊರಿನಿಂದ ಒಂದು ಕಾಗದವು ಬಂದಿತು. ಜೊತೆಯಲ್ಲಿ ನಾಲ್ಕು ಪದ್ಯಗಳು. ಕಾಗದಕ್ಕೆ ಸಹಿಯಿಲ್ಲ, ಇನ್ನೊಂದು ಚಿಕ್ಕ ಲಕೋಟೆಯೊಳಗೆ ಒಂದು ಚೀಟಿಯ ಮೇಲೆ ಮಾತ್ರ ಹೆಸರಿದ್ದಿತು. ಬರೆದವಳು 31 ವರ್ಷದ ಎಮಿಲಿ ಡಿಕಿನ್‌ಸನ್. ತನ್ನ ಪದ್ಯಕ್ಕೆ ಜೀವವಿದೆಯೇ, ಹೇಳಲು ತಮಗೆ ಬಿಡುವುಂಟೇ ಎಂಬುದೇ ಆಕೆಯ ಪ್ರಶ್ನೆಯ ಸಾರ. ತನ್ನ ಮನಸ್ಸು ತನಗೆ ತೀರ ಹತ್ತಿರವಾಗಿರುವುದರಿಂದ ತನಗೆ ಸ್ಪಷ್ಟವಾಗಿ ಕಾಣಿಸದೆಂದೂ, ಕೇಳಲು ಬೇರೆ ಯಾರೂ ಇಲ್ಲವೆಂದೂ ಆಕೆ ತಿಳಿಸಿದ್ದಳು. ಕವಿರಾಜಮಾರ್ಗದ ಹೆಸರನ್ನೇ ಕೇಳದಿದ್ದ ಆಕೆಯು ಕಾಡಿಗೆಯ ಮಾತನ್ನೇ ತನ್ನದೊಂದು ರೀತಿಯಲ್ಲಿ ಹೇಳಿದಂತಾಯಿತು.

ಹಿಗಿನ್‌ಸನ್ನನು ಉತ್ತರ ಬರೆದನು. ಆ ಮೊದಲ ಉತ್ತರಗಳು ಉಳಿದುಬಂದಿಲ್ಲ. ಆದರೆ ಆಕೆ ಬರೆದ ಮರುಕಾಗದಗಳಿಂದ ಅವುಗಳಲ್ಲಿ ಏನಿದ್ದಿತೆಂಬುದನ್ನು ಊಹಿಸಬಹುದು. ಆಕೆಯ ಪದ್ಯದ ನಡೆಯು ಎಡವುವಂಥದೆಂದೂ ಹಿಡಿತವಿಲ್ಲದುದೆಂದೂ ಆತನಿಗೆ ತೋರಿದ್ದಿತು. ಪ್ರಕಟಿಸಲು ಅವಸರಪಡಬಾರದೆಂದು ಆತನು ಸೂಚಿಸಿದ್ದನು. ಆಕೆಯಾದರೋ ಆ ಶಸ್ತ್ರಚಿಕಿತ್ಸೆಗಾಗಿ ವಂದಿಸಿ, ತಾನು ಭಾವಿಸಿದ್ದಷ್ಟು ನೋವಾಗಲಿಲ್ಲವೆಂದು ಬರೆದಳು. ತನ್ನನ್ನು ಆತನ ಶಿಷ್ಯೆಯೆಂದು ಕರೆದುಕೊಂಡಳು. ಮತ್ತೆ ಪದ್ಯಗಳನ್ನು ಕಳುಹಿಸಿದಳು. ಆದರೆ ಆತನು ತೋರಿಸಿದ ದೋಷಗಳಲ್ಲಿ ಒಂದನ್ನೂ ತಿದ್ದಿಕೊಳ್ಳಲಿಲ್ಲ. ವಿನಯವೂ ಹಟವೂ ಒಂದೇ ಮನಸ್ಸಿನಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವುದು ಅಪರೂಪ.

ಇಂದು ಓದುವವರಿಗೆ ಹಿಗಿನ್‌ಸನ್ನನ ತೀರ್ಪು ತಪ್ಪೆಂಬುದು ಸ್ಪಷ್ಟವಾಗಿರುವುದು. ಆತನು ಯಾವುದನ್ನು ಎಡವುವ ನಡೆಯೆಂದನೋ ಅದೇ ಆಕೆಯ ನಡೆ. ಆಕೆ ಬರೆದಿಟ್ಟ ಪದ್ಯಗಳು ಸುಮಾರು 1,800; ಜೀವಿತಕಾಲದಲ್ಲಿ ಅಚ್ಚಾದುವು ಹತ್ತರ ಆಸುಪಾಸಿನಷ್ಟು ಮಾತ್ರ. 1890ರಲ್ಲಿ, ಆಕೆ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಹಿಗಿನ್‌ಸನ್ನನೇ ಮೇಬಲ್ ಲೂಮಿಸ್ ಟಾಡ್ ಎಂಬಾಕೆಯೊಡನೆ ಸೇರಿ ಮೊದಲ ಸಂಪುಟವನ್ನು ಹೊರತಂದನು. ಆಗಲೂ ಪ್ರಾಸಗಳನ್ನು ನಯಮಾಡಿ, ವಿರಾಮಚಿಹ್ನೆಗಳನ್ನು ಬದಲಾಯಿಸಿಯೇ ಅಚ್ಚುಹಾಕಿಸಿದರು. ಆಕೆ ಬರೆದಂತೆಯೇ ಎಲ್ಲ ಪದ್ಯಗಳೂ ಒಟ್ಟಾಗಿ ಬೆಳಕನ್ನು ಕಂಡುದು 1955ರ ಥಾಮಸ್ ಜಾನ್‌ಸನ್ನನ ಆವೃತ್ತಿಯಲ್ಲಿ. ಇಷ್ಟನ್ನೇ ತಿಳಿದವರು ಹಿಗಿನ್‌ಸನ್ನನನ್ನು ಅರಸಿಕನೆಂದು ಹಳಿದು ಮುಂದೆ ಹೋಗುವರು.

ಆದರೆ ಕಥೆಯಲ್ಲಿ ಇನ್ನೊಂದು ಅಂಶವುಂಟು. 1869ರಲ್ಲಿ ಬರೆದ ಒಂದು ಕಾಗದದಲ್ಲಿ ಆಕೆ ಅದೇ ಹಿಗಿನ್‌ಸನ್ನನಿಗೆ, ತಾವು ನನ್ನ ಪ್ರಾಣವನ್ನು ಉಳಿಸಿದಿರಿ, ಅದು ತಮಗೇ ತಿಳಿಯದು ಎಂಬರ್ಥದ ಮಾತನ್ನು ಬರೆದಿರುವಳು. ತಪ್ಪು ತೀರ್ಪು ಕೊಟ್ಟವನು ಪ್ರಾಣವನ್ನುಳಿಸಿದುದು ಹೇಗೆ? ಆತನು ಉತ್ತರ ಬರೆದನು, ಅಷ್ಟೇ. ಓದಿ ಬರೆದನು. ತಿಳಿಯದುದನ್ನು ತಿಳಿಯಿತೆನ್ನಲಿಲ್ಲ. ಯುದ್ಧದ ಪಾಳೆಯದಲ್ಲಿದ್ದಾಗಲೂ ಆಕೆಯ ಕಾಗದ ಆತನನ್ನು ಹುಡುಕಿಕೊಂಡು ಹೋಯಿತು. 1870ರ ಆಗಸ್ಟಿನಲ್ಲಿ ಆತನು ಆಮ್‌ಹರ್ಸ್ಟಿಗೆ ಹೋಗಿ ಆಕೆಯನ್ನು ಕಂಡನು. ಯಾರೊಡನೆಯೂ ತನಗೆ ಇಷ್ಟು ಆಯಾಸವಾದುದಿಲ್ಲವೆಂದೂ, ತಾನು ಆಕೆಯ ನೆರೆಯಲ್ಲಿ ವಾಸವಾಗಿಲ್ಲದಿರುವುದು ಸಂತೋಷವೆಂದೂ ಹೆಂಡತಿಗೆ ಬರೆದನು. ಬರೆದರೂ ಸಂಬಂಧವನ್ನು ಬಿಡಲಿಲ್ಲ. 1873ರಲ್ಲಿ ಮತ್ತೊಮ್ಮೆ ಹೋದನು. ಮುಂದೆ 1891ರಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿದಾಗ, ಆಕೆಯನ್ನು ನಿಯಮಗಳ ಕಡೆಗೆ ಎಳೆಯಲು ತಾನು ಸ್ವಲ್ಪ ಯತ್ನಿಸಿದುದುಂಟೆಂದೂ, ತಿದ್ದದೆ ಇದ್ದ ಆಕೆಯೇ ತನಗೆ ಹೆಚ್ಚು ಆಸಕ್ತಿಕರಳಾಗಿ ಕಂಡಳೆಂದೂ ಒಪ್ಪಿಕೊಂಡನು. ಆಕೆಗೆ ಕೀರ್ತಿ ಬಂದಮೇಲೆ ಬರೆದ ಮಾತಾದುದರಿಂದ ಅದನ್ನು ಸ್ವಲ್ಪ ಕಳೆದೇ ಎಣಿಸಬೇಕು. ಆದರೂ ಇಪ್ಪತ್ತನಾಲ್ಕು ವರ್ಷಗಳ ಪತ್ರವ್ಯವಹಾರವು ಸುಳ್ಳಲ್ಲ.

ಇದರಿಂದ ಒಂದು ಭೇದವು ಸ್ಪಷ್ಟವಾಗುವುದು. ಮಿತ್ರನು ಕವಿಗೆ ಕೊಡಬಹುದಾದುದು ಎರಡು: ತೀರ್ಪು ಒಂದು, ಸಾಕ್ಷ್ಯವೊಂದು. 'ಈ ಪದ್ಯವು ಒಳ್ಳೆಯದು', 'ಇದು ಸಾಧಾರಣ' ಎಂಬುದು ತೀರ್ಪು. ಅದಕ್ಕೆ ಅಧಿಕಾರ ಬೇಕು, ಪಾಂಡಿತ್ಯ ಬೇಕು, ಕಾಲದ ದೂರವೂ ಬೇಕು. ಅವೆಲ್ಲ ಇದ್ದರೂ ಅದು ತಪ್ಪಬಹುದು. 'ಎರಡನೆಯ ಪದ್ಯದವರೆಗೆ ಬಾವಿಯ ಕಟ್ಟೆಯು ಕಣ್ಣಿಗೆ ಕಟ್ಟಿದಂತಿದ್ದಿತು. ಅಲ್ಲಿಂದ ಮುಂದೆ ಮಾತನಾಡುತ್ತಿರುವವರು ಯಾರೆಂಬುದು ತಿಳಿಯದೆ ಹೋಯಿತು. ಕೊನೆಯಲ್ಲಿ ಹಗ್ಗದ ಮಾತು ಬಂದಾಗ ಮೈ ಜುಮ್ಮೆಂದಿತು' ಎಂಬುದು ಸಾಕ್ಷ್ಯ. ಇದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಗಮನವಿಟ್ಟು ಓದಿದ್ದರೆ ಸಾಕು. ಓದುಗನ ಮನಸ್ಸಿನಲ್ಲಿ ನಡೆದುದಕ್ಕೆ ಓದುಗನೇ ಪ್ರಮಾಣ; ಅದನ್ನು ಇದ್ದಂತೆ ಹೇಳಿದರೆ ಕವಿಗೆ ಸುಳ್ಳು ದೊರೆಯಿತೆಂಬ ಭಯವಿಲ್ಲ. ಕವಿಯು ಅದನ್ನು ಕೇಳಿ, ಮಾತನಾಡುವವರು ಮರೆಯಾಗಬೇಕೆಂದೇ ತಾನು ಬರೆದುದೆಂದು ಸುಮ್ಮನಿರಲೂಬಹುದು, ತಿದ್ದಲೂಬಹುದು. ತಿದ್ದುವ ಅಧಿಕಾರವು ಅವನಲ್ಲಿಯೇ ಉಳಿಯುವುದು. ಅಪ್ರಿಯಸತ್ಯವೂ ಪ್ರಿಯವಾದ ಅಸತ್ಯವೂ ಕೂಡದೆಂದ ಶ್ಲೋಕದ ಇಕ್ಕಟ್ಟಿನಿಂದ ಪಾರಾಗುವ ದಾರಿಯು ಇಲ್ಲಿಯೇ ಇರುವಂತೆ ತೋರುವುದು.

ಹೊಗಳಿಕೆಯ ಮುಯ್ಯಿಯಲ್ಲಿ ನಿಜವಾದ ದೋಷವೇನೆಂಬುದೂ ಈಗ ತಿಳಿಯುವುದು. ಸಾಧಾರಣ ಪದ್ಯವನ್ನು ಚೆನ್ನಾಗಿದೆಯೆಂದುದು ಅಷ್ಟು ದೊಡ್ಡ ಅಪರಾಧವಲ್ಲ. ಕೇಳದೆಯೇ ಚೆನ್ನಾಗಿದೆಯೆಂದುದು ಅಪರಾಧ. ಓದುವವರ ಧ್ವನಿಯು ಕಿವಿಗೆ ಬೀಳುತ್ತಿರುವಾಗ ತನ್ನ ಸರದಿಯನ್ನೂ ತನ್ನ ಕಾಗದವನ್ನೂ ನೆನೆಯುತ್ತಿದ್ದು, ಧ್ವನಿಯು ನಿಂತೊಡನೆ ತಲೆದೂಗಿದವನು ಮಿತ್ರನಿಗೆ ಸಲ್ಲತಕ್ಕುದನ್ನು ಕದ್ದುಕೊಂಡನು. ಇಂಥವನಿಗಿಂತ, ಪೂರ್ತಿಯಾಗಿ ಕೇಳಿ 'ನನಗೆ ಹಿಡಿಸಲಿಲ್ಲ' ಎಂದವನೇ ವಾಸಿ.

ಆದರೆ ಎಲ್ಲ ಪದ್ಯಗಳಿಗೂ ಒಂದೇ ನಿಯಮವನ್ನು ಹೂಡುವುದೂ ಸಲ್ಲದು. ತಾಯಿ ತೀರಿಹೋದ ಹದಿನೈದು ದಿನಕ್ಕೆ ಒಬ್ಬನು ಪದ್ಯ ಬರೆದು ತಂದರೆ, ಮೂರನೆಯ ಸಾಲಿನಲ್ಲಿ ಮಾತ್ರೆ ಹೆಚ್ಚಾಯಿತೆಂದು ಎಣಿಸುವವನು ಲಕ್ಷಣಜ್ಞನಿರಬಹುದು, ಮನುಷ್ಯನಲ್ಲ. ಅವನು ತಂದುದು ಪದ್ಯದ ರೂಪದಲ್ಲಿರುವ ದುಃಖ, ಕೇಳುವುದು ಸಹಾನುಭೂತಿಯನ್ನು. ಅದೇ ಪದ್ಯವನ್ನು ಎರಡು ವರ್ಷದ ಮೇಲೆ ಸಂಗ್ರಹದಲ್ಲಿ ಸೇರಿಸಬೇಕೆಂದು ತಂದಾಗ ಅದು ಪದ್ಯ. ಯಾವ ಹೊತ್ತಿನಲ್ಲಿ ಯಾವುದು ಎಂಬುದನ್ನು ತಿಳಿಯಲು ಯಾವ ಶಾಸ್ತ್ರವೂ ಸಹಾಯಕ್ಕೆ ಬಾರದು. ಓದುವವನ ಮುಖವನ್ನು ನೋಡಬೇಕು.

ಒಂದು ಸಲಹೆಯಿಂದಲೇ ದೊಡ್ಡ ಉಪಕಾರವನ್ನು ಮಾಡಿದವರ ನಿದರ್ಶನವು ಕನ್ನಡನಾಡಿನಲ್ಲಿಯೂ ಇರುವುದು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ, ಇನ್ನೂ ಇಪ್ಪತ್ತು ತುಂಬದ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಲು ಹೋದನು. ಅದಕ್ಕೆ ಎರಡು ವರ್ಷ ಮುಂಚೆಯೇ ಅವನ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯು ಅಚ್ಚಾಗಿದ್ದಿತು. ಕಸಿನ್ಸರು ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆಯನ್ನು ಕೊಟ್ಟರು. ಆ ವಿದ್ಯಾರ್ಥಿಯು ಕುವೆಂಪು. ಪ್ರಶಂಸೆಯ ಆಸೆಯಿಂದ ಹೋದ ತರುಣನಿಗೆ ಆ ಮಾತು ಆ ಹೊತ್ತಿಗೆ ಸಿಹಿಯಾಗಿದ್ದಿರಲಾರದು. ಕಸಿನ್ಸರು ಇಂಗ್ಲಿಷ್ ಕವಿಯಾಗಿದ್ದುದರಿಂದಲೇ ಅವರ ಬಾಯಲ್ಲಿ ಅದಕ್ಕೆ ತೂಕ ಬಂದಿತೆಂಬುದನ್ನೂ ಮರೆಯಬಾರದು; ಅದೇ ಸಲಹೆಯನ್ನು ಕನ್ನಡ ಪಂಡಿತರೊಬ್ಬರು ಕೊಟ್ಟಿದ್ದರೆ ಅವರ ಪಕ್ಷಪಾತವೆಂದು ತರುಣನು ತಳ್ಳಿಹಾಕಬಹುದಾಗಿದ್ದಿತು. ಅವರಿಗೆ ಕನ್ನಡ ಬಾರದು. ಈ ತರುಣನು ಕನ್ನಡದಲ್ಲಿ ಎಂಥ ಕವಿಯಾಗುವನೆಂದು ತೀರ್ಮಾನಿಸುವ ಸಾಧನವೇ ಅವರಲ್ಲಿರಲಿಲ್ಲ.

ಇದುವರೆಗೆ ಕೇಳುವವನ ಧರ್ಮವನ್ನೇ ಹೇಳಿದುದಾಯಿತು. ಓದಿ ತೋರಿಸುವವನಿಗೆ ಧರ್ಮವಿಲ್ಲವೇ? ಈ ವಿಷಯದಲ್ಲಿ ರಾಜಶೇಖರನ ಲೋಕಜ್ಞಾನವು ಮತ್ತೆ ಒದಗುವುದು. ಅರ್ಧ ಬರೆದುದನ್ನು ಇನ್ನೊಬ್ಬರಿಗೆ ಓದಿ ಹೇಳಬಾರದು, ಅದು ಮುಗಿಯದೆಯೇ ಹೋಗುವುದೆಂದು ಅವನ ಎಚ್ಚರಿಕೆ. ಹೊಸದನ್ನು ಒಬ್ಬನೇ ಒಬ್ಬನೆದುರಿಗೆ ಓದಬಾರದು, ಅವನು ತನ್ನದೆಂದುಬಿಟ್ಟರೆ ಸಾಕ್ಷಿಯಿರುವುದಿಲ್ಲವೆಂದೂ ಹೇಳುವನು. ಕವಿಮಿತ್ರರ ಕೂಟಗಳು ಏಕೆ ಬೇಕೆಂಬುದಕ್ಕೆ ಇದೂ ಒಂದು ಕಾರಣವಿರಬಹುದು! ಆದರೆ ಅವನು ಹೇಳದೆ ಬಿಟ್ಟುದೊಂದುಂಟು. ಅಭಿಪ್ರಾಯವನ್ನು ಕೇಳುವ ನೆಪದಲ್ಲಿ ಹೊಗಳಿಕೆಯನ್ನು ಬೇಡುವವನು ಮಿತ್ರನನ್ನು ಧರ್ಮಸಂಕಟಕ್ಕೆ ನೂಕುವನು. ಅಲ್ಲಿ ಹುಟ್ಟುವ ಸುಳ್ಳಿನಲ್ಲಿ ಅರ್ಧ ಪಾಲು ಅವನದೇ. 'ಸಂತೋಷವಾಗಿದೆ, ಸುಮ್ಮನೆ ಕೇಳಿ' ಎಂದು ಓದುವುದರಲ್ಲಿ ಅವಮಾನವೇನೂ ಇಲ್ಲ. 'ಮೂರನೆಯ ಪದ್ಯವು ಕೂಡಿಬರಲಿಲ್ಲವೆಂದು ಅನುಮಾನ. ಅಲ್ಲಿ ಕಿವಿಯಿಡಿ' ಎಂದರೆ ಇನ್ನೂ ಉತ್ತಮ. ಹಾಗೆ ಕೇಳಿ ಪಡೆದ ಮಾತನ್ನು ಪಾಲಿಸಲೇಬೇಕೆಂಬ ಬಂಧನವೂ ಇಲ್ಲ.

ಡಿಕಿನ್‌ಸನ್ ಕೇಳಿದುದು ಹೀಗೆಯೇ. ತನ್ನ ಪದ್ಯಕ್ಕೆ ಉಸಿರಿದೆಯೇ ಎಂದಳು, ಆತನ ಮಾತನ್ನು ಕೇಳಿದಳು, ವಂದಿಸಿದಳು, ಪಾಲಿಸಲಿಲ್ಲ, ಮತ್ತೆ ಮತ್ತೆ ಕಳುಹಿಸಿದಳು. ಆ ವರ್ಷಗಳಲ್ಲಿ ಹಿಗಿನ್‌ಸನ್ನನಿಗೆ ಆಕೆಯಿಂದ ಬಂದ ಪದ್ಯಗಳು ನೂರರಷ್ಟಾದುವು. 1886ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡಾಗ ಆತನು ಉತ್ತರಕ್ರಿಯೆಗೆ ಬಂದಿದ್ದನು. ನೆರೆದವರ ಮುಂದೆ ಒಂದು ಪದ್ಯವನ್ನು ಓದಿದನು. ಅದು ಆಕೆಗೆ ಪ್ರಿಯವಾಗಿದ್ದ ಎಮಿಲಿ ಬ್ರಾಂಟೆಯ ಪದ್ಯ. ಆಕೆಯ ಸ್ವಂತ ಪದ್ಯಗಳು ಆಕೆಯ ಕೋಣೆಯೊಳಗೆ, ಕಾಗದಗಳನ್ನು ದಾರದಿಂದ ಹೊಲಿದ ಸಣ್ಣ ಸಣ್ಣ ಹೊತ್ತಗೆಗಳಲ್ಲಿ, ಇನ್ನೂ ಯಾರ ಕಣ್ಣಿಗೂ ಬೀಳದೆ ಇದ್ದುವು.